ತಾನಾಗಿ ಹುಟ್ಟಿದ ಹರಳು

ಮೊನ್ನೆ ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸ್ ನನ್ನ ನೋಯುವ ಮಂಡಿಯ ಮೇಲೆ ಶಾಖದ ಚೀಲವೊಂದನ್ನು ಇಟ್ಟಳು. ಅದರೊಳಗಿನ ತಗಡಿನ ಬಿಲ್ಲೆಯನ್ನು ಒತ್ತಿದ್ದೇ ತಡ, ತಿಳಿಯಾಗಿದ್ದ ದ್ರವದ ತುಂಬ ಬಿಳಿ ಹರಳು ಹಬ್ಬಿ, ಚೀಲ ಬಿಸಿಯಾಯಿತು. ನನಗೆ ಮಲಗಿರಲಾಗಲಿಲ್ಲ. ಎದ್ದು ಕುಳಿತೆ. ಅಕ್ಕ ನೆನಪಾದಳು...

ನಾನು ಎಂ.ಎಸ್ಸಿ. ಓದುವಾಗ ನಮ್ಮ ಲ್ಯಾಬಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು ಅವಳು. ಇಳಕಲ್ಲಿನವಳು, ನಮಗೆಲ್ಲ ಅಕ್ಕ. ಕರಗುವಾಗ ಶಾಖ ಹೀರಿ, ಗಟ್ಟಿಯಾಗುವಾಗ ಅದನ್ನು ಬಿಟ್ಟುಕೊಡುವ ಇಂಥದೇ ಲವಣ ಅವಳ ವಿಷಯ. ಅದರ ಅಣುಗಳನ್ನು ಕಂಪ್ಯೂಟರಿನೊಳಗೆ ತುಂಬಿ, ಲೆಕ್ಕದಲ್ಲೇ ತಣಿಸಿ, ಮೊದಲ ಹರಳು ಹೇಗೆ ಹುಟ್ಟಿ ಬೆಳೆಯುತ್ತದೆಂದು ನೋಡುವುದು ಕೆಲಸ. ಆದರೆ ಹರಳು ಹುಟ್ಟುತ್ತಿರಲಿಲ್ಲ. ಪರದೆಯ ಮೇಲೆ ನಾಲ್ಕಾರು ಅಣುಗಳು ಒಂದುಗೂಡುತ್ತಿದ್ದವು. ಅಕ್ಕ ಉಸಿರು ಬಿಗಿಹಿಡಿಯುವಷ್ಟರಲ್ಲಿ ಕರಗಿಹೋಗುತ್ತಿದ್ದವು. ಅವಳು ಕುರ್ಚಿಯಲ್ಲಿ ಕುಳಿತದ್ದನ್ನು ನಾನು ಕಂಡಿದ್ದೇ ಕಡಿಮೆ. ಪಡಸಾಲೆಯ ಉದ್ದಕ್ಕೂ ಓಡಾಡುವಳು, ಮತ್ತೆ ಬಂದು ಇಣುಕುವಳು.

ನಮ್ಮ ಸರ್‌ಗೆ ತಾಳ್ಮೆ ಮುಗಿದಿತ್ತು. “ಒಂದು ಹರಳು ನೀನ ಇಟ್ಟು ಬೆಳಸವಾ. ತಾನಾಗಿ ಹುಟ್ತು ಅಂದ್ರಾತು. ಯಾರು ಕೇಳ್ತಾರ?”

ಹಾಗೆ ಸಿದ್ಧ ಹರಳೊಂದನ್ನು ಬೀಜವಾಗಿ ಇಟ್ಟು ಬೆಳೆಸುವುದೂ ಒಂದು ವಿಧಾನವೇ. ಇಟ್ಟದ್ದನ್ನು ಮುಚ್ಚಿಡುವುದು ಮಾತ್ರ ತಪ್ಪು. ಸರ್ ಹೇಳಿದಂತೆ ಅಕ್ಕ ಬೀಜ ಇಟ್ಟಳು. ಆದರೆ ಹೊರಗಿನಿಂದ ಬಂದಿದ್ದ ಪರೀಕ್ಷಕರ ಮುಂದೆ ನಿಂತಾಗ, ಚಿತ್ರದ ಕಡೆ ಕೈ ತೋರಿಸಿ, “ಇದು ತಾನಾಗಿ ಹುಟ್ಟಿದ್ದಲ್ಲರಿ. ನಾನ ಇಟ್ಟೇನಿ” ಎಂದುಬಿಟ್ಟಳು.

ಸರ್ ಅವಳ ಜೊತೆ ಮಾತು ಬಿಟ್ಟರು. ಮರುದಿನ ಅವಳು ಇಳಕಲ್ ಬಸ್ಸು ಹತ್ತಿದಳು. ಸೀಟು ಖಾಲಿಯಿದ್ದರೂ ಬಾಗಿಲಲ್ಲೇ ನಿಂತು, “ಬೀಜ ಇಲ್ಲದ ಲೆಕ್ಕ ಕಂಪ್ಯೂಟರಿನ್ಯಾಗ ಇನ್ನೂ ಓಡಾಕತ್ತೇತಿ. ಬಂದ್ ಮಾಡಬ್ಯಾಡ್ರಿ ಮತ್ತ” ಎಂದು ಕಳಿಸಲು ಬಂದಿದ್ದ ನಮಗೆ ಕೂಗಿ ಹೇಳಿದಳು.

ಆ ವಾರದ ಕೊನೆಯಲ್ಲಿ ಹರಳು ಹುಟ್ಟಿತು. ಕರಗಲಿಲ್ಲ, ಸುತ್ತಲಿನದನ್ನೆಲ್ಲ ಸೆಳೆದುಕೊಳ್ಳುತ್ತ ಬೆಳೆಯಿತು. ನಾನು ಅಕ್ಕನಿಗೆ ಫೋನ್ ಮಾಡಿದೆ.

“ಖರೇನ? ತಾನಾಗಿ?”

“ತಾನಾಗಿ ಅಕ್ಕಾ. ವಿಡಿಯೊ ಕಳಸ್ಲ್ಯಾ?”

ಆ ಕಡೆ ಅವಳು ಓಡಾಡುವ ಚಪ್ಪಲಿ ಸಪ್ಪಳ ಕೇಳಿಸಿತು. “ಬ್ಯಾಡ. ಸೋಮವಾರ ಬರ್ತೇನಿ. ದೊಡ್ಡ ಪರದೆ ಮ್ಯಾಲೆ ನೋಡ್ತೇನಿ” ಎಂದಳು.

ಆ ಸೋಮವಾರ ಬಸ್ಸುಗಳು ಓಡಲಿಲ್ಲ. ಲಾಕ್‌ಡೌನ್ ಆಗಿತ್ತು. ಮುಂದಿನ ವಾರ ಅವಳಿಗೆ ಜ್ವರ ಎಂದರು, ಆಮೇಲೆ ಉಸಿರಾಟದ ತೊಂದರೆ ಎಂದರು. ಆಮೇಲೆ ಅವಳ ಫೋನನ್ನು ಅವಳ ತಮ್ಮ ಎತ್ತಿದ...

ಈಗ ನಾನೂ ಪಾಠ ಮಾಡುತ್ತೇನೆ. ಪ್ರತಿ ವರ್ಷ ಆ ವಿಡಿಯೊವನ್ನು ತರಗತಿಯಲ್ಲಿ ದೊಡ್ಡದಾಗಿ ಹಾಕಿ ತೋರಿಸುತ್ತೇನೆ. ಹರಳು ಹುಟ್ಟುವ ಹೊತ್ತಿಗೆ ಹುಡುಗರೆಲ್ಲ ಪರದೆ ನೋಡುತ್ತಾರೆ. ನಾನು ಬಾಗಿಲ ಕಡೆ ನೋಡುತ್ತೇನೆ.