ಅರ್ಕಾವತ್ತು ನುಂಗಿದ ಸಂಸ್ಥಾಪಕರು

ಬಂಗಾರಪೇಟೆ ರೈಲ್ವೆ ಸ್ಟೇಷನ್ ಹತ್ತಿರದ ಡಿಟಿಪಿ ಅಂಗಡಿಯೊಂದರಲ್ಲಿ ನಾನು ಆರೇಳು ವರ್ಷ ಲಗ್ನಪತ್ರಿಕೆ ಟೈಪ್ ಮಾಡಿದವಳು. ಬ್ಲಾಗ್‌ಗಳಿಗೆ ಥೀಮ್, ಪ್ಲಗಿನ್ ಬರೆಯೋದನ್ನು ಕಲಿತದ್ದೂ ಅಲ್ಲೇ, ಗಿರಾಕಿ ಇಲ್ಲದ ಮಧ್ಯಾಹ್ನಗಳಲ್ಲಿ. ಥೀಮ್ ಅಂದರೆ ಬ್ಲಾಗಿನ ರೂಪ. ಪ್ಲಗಿನ್ ಅಂದರೆ ಅದಕ್ಕೆ ಹೊಸದೊಂದು ಕೆಲಸ ಕಲಿಸುವ ಪುಟ್ಟ ಪ್ರೋಗ್ರಾಂ. ನಾನು ಹಿಡಿದ ಬ್ಲಾಗ್ ತಂತ್ರಾಂಶ ಓಪನ್ ಸೋರ್ಸ್. ಅದಕ್ಕೆ ಬರೆದದ್ದನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು, ಮಾರಲೂಬಹುದು. ಬರೆದವರ ಹೆಸರನ್ನು ಮಾತ್ರ ಅಳಿಸಬಾರದು. ಅಷ್ಟನ್ನೂ ಪಾಲಿಸಲಾಗದ ಜನ ಇರುತ್ತಾರೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಮದುವೆಯಾಗಿ ಬೂದಿಕೋಟೆ ಕಡೆಯ ಹಳ್ಳಿಗೆ ಬಂದ ಮೇಲೆ ಮನೆಯಿಂದಲೇ ಕೆಲಸ ಮಾಡತೊಡಗಿದೆ. ಗಿರಾಕಿಗಳಿಗೆಲ್ಲ ಒಂದೇ ಆಸೆ: ಮುಖಪುಟದಲ್ಲಿ ಚಿತ್ರಗಳು ತಾವಾಗಿಯೇ ಜಾರುತ್ತಿರಬೇಕು. ಓದೋದಕ್ಕೆ ಏನಿದೆ ಅಂತ ಕೇಳಿದರೆ "ಅದನ್ನ ಆಮೇಲೆ ಹಾಕೋಣ ಮೇಡಂ" ಅನ್ನುತ್ತಿದ್ದರು. ಈ ಜಾರುಬಂಡೆ ಕಟ್ಟಿ ಕಟ್ಟಿ ಬೇಜಾರಾಗಿ, ನನಗೋಸ್ಕರ ಒಂದು ಪ್ಲಗಿನ್ ಬರೆದೆ. ಡಿಟಿಪಿ ಕಾಲದ ಹಳೆಯ ಫಾಂಟ್ ಅಕ್ಷರಗಳಲ್ಲಿ ಟೈಪ್ ಮಾಡಿದ ಕನ್ನಡವನ್ನು ಬ್ಲಾಗಿಗೆ ಹಾಕಿದರೆ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತದೆ. ಅದನ್ನು ಓದುವಂಥ ಕನ್ನಡಕ್ಕೆ ತಿರುಗಿಸೋದು ನನ್ನ ಪ್ಲಗಿನ್ನಿನ ಕೆಲಸ. ಹೆಸರು ಹಾಕಿ, ಬಿಟ್ಟಿಯಾಗಿ ಬಿಟ್ಟೆ. ಮೊದಲ ಆವೃತ್ತಿಯಲ್ಲಿ ಅರ್ಕಾವತ್ತು ಬಿದ್ದುಹೋಗುತ್ತಿತ್ತು. ಮುಂದಿನ ವಾರವೇ ಸರಿಮಾಡಿದೆ.

ಒಂದು ವರ್ಷ ಕಳೆದಿರಬೇಕು. ಕೋರಮಂಡಲ್‌ನ ನಿವೃತ್ತ ಟೀಚರ್ ಒಬ್ಬರು ಯಾರನ್ನೋ ಕೇಳಿಕೊಂಡು ನಮ್ಮನೆಗೆ ಬಂದರು. ಅವರ ಅಪ್ಪ ಕೆಜಿಎಫ್ ಚಿನ್ನದ ಗಣಿಗೆ ಇಳಿದವರು. ಗಣಿ ಕೆಲಸಗಾರರ ಲೈನ್ ಮನೆಗಳಲ್ಲಿ ಬಾಳಿದ ಹೆಂಗಸರ ಬಗ್ಗೆ ಟೀಚರ್ ವರ್ಷಗಳಿಂದ ಬರೆದು ಕೂಡಿಟ್ಟಿದ್ದರು, ಎಲ್ಲಾ ಹಳೆಯ ಅಕ್ಷರದಲ್ಲೇ. ಅದನ್ನು ಬ್ಲಾಗಿಗೆ ಏರಿಸಲು ಕೆಜಿಎಫ್‌ನ ಒಂದು ವೆಬ್ ಕಂಪನಿಯಿಂದ ಪ್ಲಗಿನ್ ಕೊಂಡಿದ್ದರು. ಬ್ಯಾಗಿನಿಂದ ಮೊಬೈಲ್ ತೆಗೆದು ನನ್ನ ಮುಂದೆ ಹಿಡಿದು, ತಮಿಳು ಬೆರೆತ ಕನ್ನಡದಲ್ಲಿ ಕೇಳಿದರು.

"ಇದು ಎನ್ನಮ್ಮಾ? ನಮ್ಮಪ್ಪನ ಜೊತೆ ದುಡಿದವರನ್ನೆಲ್ಲ ಏನು ಮಾಡಿಟ್ಟಿದೆ ನೋಡು."

'ಕಾರ್ಮಿಕರು' ಅಂತ ಬರೆದ ಕಡೆಯಲ್ಲೆಲ್ಲ 'ಕಾಮಿಕರು' ಅಂತ ಬಂದಿತ್ತು.

ಆ ತಪ್ಪನ್ನು ನಾನು ಚೆನ್ನಾಗಿ ಬಲ್ಲೆ. ಫೈಲ್ ಬಿಚ್ಚಿ ನೋಡಿದರೆ ನನ್ನ ಮೊದಲ ಆವೃತ್ತಿಯೇ. ಮೇಲಿದ್ದ ನನ್ನ ಹೆಸರು ಹೋಗಿ ಕಂಪನಿಯ ಸಂಸ್ಥಾಪಕರ ಹೆಸರು ಕೂತಿತ್ತು. ಉಳಿದದ್ದನ್ನು ಪುಣ್ಯಾತ್ಮರು ಓದುವ ಗೋಜಿಗೇ ಹೋಗಿರಲಿಲ್ಲ. ಪ್ರೋಗ್ರಾಂ ನಡುವೆ, ಕೆಲಸ ನಿಲ್ಲಿಸಿ ಎದ್ದಾಗ ನನಗೆ ನಾನೇ ಬರೆದುಕೊಂಡ ಟಿಪ್ಪಣಿಯ ಸಾಲು ಹಾಗೇ ಇತ್ತು: 'ಅತ್ತೆ ಕರೀತಿದ್ದಾರೆ. ಹಾಲು ಕರೆದು ಬಂದ ಮೇಲೆ ಅರ್ಕಾವತ್ತು ಸರಿ ಮಾಡಬೇಕು.'

ಟೀಚರ್ ಅದನ್ನು ಎರಡು ಸಲ ಓದಿದರು. ನಗಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡರು.

ಅತ್ತೆಗೆ ವಿಷಯ ಹೇಳಿದೆ. ಅವರು ಹಸುವಿಗೆ ಹಿಂಡಿ ಕಲಸುತ್ತಾ ಕೇಳಿದರು, "ನೀನ್ ಕರ್ದಿರೋ ಆಲ್ನ ಅವ್ನು ತನ್ ಅಸೂದು ಅಂತ ಡೈರಿಗ್ ಆಕ್ಬುಟ್ನಾ?"

"ಹೂಂ ಅತ್ತೆ. ಅದೂ ಕೆಟ್ಟೋಗಿರೋ ಹಾಲನ್ನ."

ಆ ವಾರವೇ ಅದೇ ಕಂಪನಿಯಿಂದ ವಾಟ್ಸಾಪಿಗೆ ಆಹ್ವಾನ ಬಂತು. ಮೂರು ವರ್ಷ ಸಂಶೋಧನೆ ನಡೆಸಿ ತಯಾರಿಸಿದ ಕನ್ನಡ ಪ್ಲಗಿನ್ನಿನ ಲೋಕಾರ್ಪಣೆ ಅಂತೆ, ಮಾರಾಟ ಆಗಲೇ ಶುರುವಾಗಿದ್ದರೂ. ಈ ಭಾಗದಲ್ಲಿ ಇಂಥ ಕೆಲಸ ಮಾಡುವ ಮಹಿಳೆಯಾದ್ದರಿಂದ ಸಂಸ್ಥಾಪಕರಿಗೆ ಹೂಗುಚ್ಛ ಕೊಡಲು ನಾನೇ ಬರಬೇಕಂತೆ. ಇದು ಕುಹಕ ಅಂತ ಮೊದಲು ಅಂದುಕೊಂಡೆ. ಅಲ್ಲ. ಯಾರ ಹೆಸರನ್ನು ಅಳಿಸಿದ್ದೇನೆ ಅಂತ ಓದಿಕೊಳ್ಳುವಷ್ಟು ವ್ಯವಧಾನವೂ ಆ ಮನುಷ್ಯನಿಗಿರಲಿಲ್ಲ.

ಸಭಾಂಗಣ ತುಂಬಿತ್ತು. ವೇದಿಕೆಯ ಮೇಲೆ ಸಂಸ್ಥಾಪಕರು, ಕೋಟು ಹಾಕಿಕೊಂಡು ಬೆವರುತ್ತಿದ್ದರು. ಊಟ ಬಿಟ್ಟು ದುಡಿದದ್ದನ್ನು ಗದ್ಗದವಾಗಿ ಹೇಳಿದರು. ಕನ್ನಡದ ಸೇವೆ ಅಂದರು. ಅಷ್ಟೂ ಇಂಗ್ಲಿಷಿನಲ್ಲಿ. ಜನ ಚಪ್ಪಾಳೆ ತಟ್ಟಿದರು. ಈ ಚಪ್ಪಾಳೆಯವರ ಮೇಲೂ ನನಗೆ ಗೌರವ ಇಲ್ಲ. ಒಬ್ಬರೂ ಅದನ್ನು ಒಂದು ಸಲ ಬಳಸಿ ನೋಡಿದವರಲ್ಲ.

ನನ್ನನ್ನು ಕರೆದರು. ಮೈಕ್ ಪಕ್ಕದಲ್ಲೇ ಇತ್ತು. ಹೇಳಬೇಕಾದ ಮಾತು ಬಸ್ಸಿನಲ್ಲಿ ಬರುವಾಗಲೆಲ್ಲ ಬಾಯಲ್ಲೇ ಇತ್ತು. ಆದರೂ ಹೂ ಕೊಟ್ಟು, ಫೋಟೋಗೆ ನಕ್ಕು, ಕೆಳಗಿಳಿದೆ. ಆ ದಿನ ನನಗೆ ಎಲ್ಲಕ್ಕಿಂತ ಹೆಚ್ಚು ಹೇಸಿಗೆಯಾದದ್ದು ನನ್ನ ಆ ನಗುವಿನ ಮೇಲೆ.

ಪ್ರಶ್ನೆಗಳಿದ್ದರೆ ಕೇಳಿ ಅಂದಾಗ ಹಿಂದಿನ ಸಾಲಿನಲ್ಲಿ ಟೀಚರ್ ಎದ್ದು ನಿಂತರು. ಕೈಯಲ್ಲಿ ಚೀಟಿ.

"ಸಾರ್, ನಿಮ್ಮ ಅತ್ತೆಯವರು ಎಷ್ಟು ಹಸು ಕಟ್ಟಿದ್ದಾರೆ?"

ಸಂಸ್ಥಾಪಕರು ಕಣ್ಣು ಪಿಳುಕಿಸಿದರು. "ನನಗಿನ್ನೂ ಮದುವೆ ಆಗಿಲ್ಲ ಮೇಡಂ."

"ಹಾಗಾದರೆ ನೀವು ಬರೆದ ಪ್ಲಗಿನ್ನಿನಲ್ಲಿ ಈ ಸಾಲು ಯಾಕಿದೆ?" ಟೀಚರ್ ಚೀಟಿ ಬಿಡಿಸಿ, ಮಕ್ಕಳಿಗೆ ಉಕ್ತಲೇಖನ ಹೇಳುವ ಹಾಗೆ ನಿಧಾನವಾಗಿ ಓದಿದರು.

ಸಭೆ ಗುಸುಗುಸು ಅಂದಿತು. ಆ ಮನುಷ್ಯ ಒಂದು ಕ್ಷಣ ಯೋಚಿಸಿ, "ಅದು ಟೆಕ್ನಿಕಲ್ ಟರ್ಮ್ ಮೇಡಂ. ಹೇಳಿದರೆ ನಿಮಗೆ ಅರ್ಥ ಆಗಲ್ಲ" ಅಂದರು.

ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ನಗು ಹಿಂದಿನಿಂದ ಮುಂದಕ್ಕೆ ಬಂತು. ನಾನು ಕೂತಲ್ಲಿಂದ ಎದ್ದೆ.

"ಆ ಅತ್ತೆ ನಮ್ಮತ್ತೆ, ಸಾರ್. ಬರೆದವಳು ನಾನು. ಅರ್ಕಾವತ್ತು ಮುಂದಿನ ವಾರವೇ ಸರಿ ಮಾಡಿದ್ದೀನಿ. ನೀವು ಕದಿಯುವಾಗಲಾದರೂ ಹೊಸದನ್ನ ಕದೀಬೇಕಿತ್ತು."

ಕಾಫಿ ವ್ಯವಸ್ಥೆ ಇದೆ ಅಂತ ನಿರೂಪಕರು ಘೋಷಿಸಿದರು. ಜನ ಕಾಫಿಗೆ ಎದ್ದರು.

ಮರುದಿನ ಪ್ಲಗಿನ್‌ಗಳ ಸಾರ್ವಜನಿಕ ಪಟ್ಟಿ ನೋಡಿಕೊಳ್ಳುವವರಿಗೆ ದೂರು ಬರೆದೆ. ಎರಡು ಫೈಲುಗಳನ್ನು ಹೋಲಿಸಿ ನೋಡಿ, ಅವರು ಆ ನಕಲನ್ನು ತೆಗೆದುಹಾಕಿದರು. ಸಂಸ್ಥಾಪಕರಿಂದ ಕ್ಷಮೆಯ ಬದಲು ಪ್ರಶಂಸಾಪತ್ರವೊಂದು ಕೊರಿಯರಿನಲ್ಲಿ ಬಂತು. 'ಸಹಕಾರಕ್ಕಾಗಿ' ಅಂತ ಅದರಲ್ಲಿತ್ತು. ನನ್ನ ಹೆಸರಿನ ಕಾಗುಣಿತ ತಪ್ಪಾಗಿತ್ತು.

ಟೀಚರ್ ಬ್ಲಾಗಿಗೆ ನನ್ನ ಪ್ಲಗಿನ್ ಹಾಕಿ, ಪುಟ ಪುಟ ಓದಿ ಸರಿ ನೋಡಿದೆ. ಬೇತಮಂಗಲದ ಕೆರೆಯಿಂದ ನೀರು ಬರದ ದಿನ ನಲ್ಲಿಯ ಮುಂದೆ ಮೂರು ಭಾಷೆಯಲ್ಲಿ ಜಗಳವಾಡಿದ ಹೆಂಗಸರು, ಶಿಫ್ಟ್ ಮುಗಿದರೂ ಬಾರದ ಗಂಡನಿಗಾಗಿ ಬಾಗಿಲಲ್ಲಿ ನಿಂತವರು. ಓದುತ್ತಾ ಕೂತು ಒಲೆಯ ಮೇಲಿನ ಸಾರು ಹೊತ್ತಿಸಿದೆ.

ಆ ಕಂಪನಿಯ ಬೋರ್ಡು ಈಗ ಬದಲಾಗಿದೆ. ಸಂಸ್ಥಾಪಕರು ಸದ್ಯಕ್ಕೆ ಕೃತಕ ಬುದ್ಧಿಮತ್ತೆ ಕಲಿಸುತ್ತಿದ್ದಾರೆ. ತರಗತಿ ಭರ್ತಿಯಂತೆ.