ಆಸ್ಟ್ರೇಲಿಯಾದ ಧಾರಾವಾಹಿಯೂ ಮೊಮ್ಮಗಳ ಜಗಳವೂ

ನಾನು ಓದಿದ್ದು ನಾಲ್ಕನೇ ಕ್ಲಾಸು. ತುಮಕೂರಿನ ಶಾಲೆಯೊಂದರಲ್ಲಿ ಹದಿನಾರು ವರ್ಷ ಬಿಸಿಯೂಟ ಬೇಯಿಸಿದವಳು. ಇಷ್ಟುದ್ದ ಬರೆಯಲು ಕೂತದ್ದು ಇದೇ ಮೊದಲು. ಆ ವರ್ಷದ ಸಂತೋಷ ಇನ್ನೂ ಎದೆಯೊಳಗೆ ಹಿಡಿಸುತ್ತಿಲ್ಲ. ಕೇಳಿದವರಿಗೇ ಎಷ್ಟು ಸಲ ಹೇಳುತ್ತೀರಿ ಎಂದು ಸೊಸೆ ನಗುತ್ತಾಳೆ. ಅದಕ್ಕೇ ಈ ಸಲ ಕಾಗದಕ್ಕೆ ಹೇಳುತ್ತಿದ್ದೇನೆ.

ಕೊರೊನಾ ಶುರುವಾದ ವರ್ಷ, ಶಿವರಾತ್ರಿ ಕಳೆದ ಮೇಲೆ, ನೆದರ್‌ಲ್ಯಾಂಡ್ಸಿಗೆ ಹೋದೆ. ಮಗಳು ಅಳಿಯ ಅಲ್ಲಿ ನ್ಯೂವೆಗೈನ್ ಎಂಬ ಊರಿನಲ್ಲಿದ್ದಾರೆ. ಎರಡು ತಿಂಗಳಿಗೆಂದು ಹೋದವಳು ನಾನು. ಮೂರನೇ ವಾರಕ್ಕೆ ಶಾಲೆಗಳು ಮುಚ್ಚಿದವು, ಆಫೀಸು ಮನೆಯೊಳಕ್ಕೆ ಬಂತು, ವಿಮಾನಗಳು ನಿಂತವು. ಊರಿನಲ್ಲಿ ಮಗನಿಗೂ ಸೊಸೆಗೂ ಗಾಬರಿ. ಹೊರಗೆ ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ನನಗೆ ಒಳಗೊಳಗೇ ಸಮಾಧಾನ. ಏಕೆಂದರೆ ನಾನು ಅಷ್ಟು ದೂರ ಹೋದದ್ದು ಒಂಬತ್ತು ವರ್ಷದ ಮೊಮ್ಮಗಳ ಬಾಯಿಂದ ನಾಲ್ಕು ಮಾತು ಕೇಳಲಿಕ್ಕೆ. ಆ ನಾಲ್ಕು ಮಾತು ಇನ್ನೂ ಬಂದಿರಲಿಲ್ಲ.

ಅವಳಿಗೆ ಕನ್ನಡ ತಿಳಿಯುತ್ತದೆ. ಅಪ್ಪ ಅಮ್ಮ ಮನೆಯಲ್ಲಿ ಆಡುವುದು ಅದೇ. ಆದರೆ ಉತ್ತರ ಕೊಡುವುದು ಇಂಗ್ಲಿಷಿನಲ್ಲಿ, ಕೋಪ ಬಂದರೆ ಡಚ್ಚಿನಲ್ಲಿ. ನನಗೆ ಎರಡೂ ಬಾರದು. ಹಾಗಾಗಿ ನನ್ನ ಪಾಲಿಗೆ ಬಂದದ್ದು ಒಂದು ನಗು ಮತ್ತು "ಓಕೆ ಅಜ್ಜಿ". ಊಟ ಮಾಡು ಎಂದರೂ ಓಕೆ ಅಜ್ಜಿ, ಜಡೆ ಹಾಕಲಾ ಎಂದರೂ ಓಕೆ ಅಜ್ಜಿ. ಬಲವಂತ ಮಾಡಬೇಡ ಎಂದು ಮಗಳು ಹೇಳಿದ್ದಳು. ಮಾಡಲಿಲ್ಲ. ಇನ್ನೂರು ಮಕ್ಕಳಿಗೆ ಬಡಿಸಿದ ಕೈ ನನ್ನದು, ಮಕ್ಕಳು ತಾವಾಗಿ ಬರಬೇಕೆಂದು ನನಗೂ ಗೊತ್ತು. ಆದರೂ ಆಸೆ ಅನ್ನುವುದು ಇರುತ್ತದಲ್ಲ.

ಆ ಮನೆಯಲ್ಲಿ ಮೊದಲ ಮಹಡಿಯಲ್ಲಿ ಮಗಳ ಮೀಟಿಂಗು, ಕೆಳಗೆ ಊಟದ ಮೇಜಿನ ಮೇಲೆ ಅಳಿಯನ ಮೀಟಿಂಗು. ನಮ್ಮಿಬ್ಬರಿಗೆ ಉಳಿದದ್ದು ಅಟ್ಟದ ಕೋಣೆ. ಅಲ್ಲೊಂದು ಟೀವಿ. ಮಧ್ಯಾಹ್ನ ಟ್ಯಾಬ್ ಪಾಠ ಮುಗಿದ ಮೇಲೆ ಅವಳು ಅದರಲ್ಲಿ ಆಸ್ಟ್ರೇಲಿಯಾದ ಒಂದು ಧಾರಾವಾಹಿ ಹಾಕಿಕೊಳ್ಳುತ್ತಿದ್ದಳು. ಮೂವತ್ತು ವರ್ಷದಿಂದ ನಡೆಯುತ್ತಿದೆಯಂತೆ, ಹಳೆಯ ಕಂತುಗಳೆಲ್ಲ ಸಿಗುತ್ತವಂತೆ. ಒಂದು ಸಣ್ಣ ಊರು, ಊರಿಗೆ ಒಂದೇ ಕಾಫಿ ಅಂಗಡಿ. ಎಲ್ಲರೂ ದಿನವಿಡೀ ಅಲ್ಲೇ ಇರುತ್ತಾರೆ. ಒಬ್ಬರ ಮನೆಯಲ್ಲೂ ಒಲೆ ಹೊತ್ತಿಸಿದ್ದನ್ನು ನಾನು ಕಾಣೆ. ಬಾಗಿಲು ಬಡಿಯದೆ ಯಾರ ಮನೆಗೆ ಯಾರು ಬೇಕಾದರೂ ನುಗ್ಗುತ್ತಾರೆ, ಸರಿಯಾಗಿ ಗುಟ್ಟು ಹೇಳುವ ಹೊತ್ತಿಗೆ.

ಮಾತು ಒಂದೂ ತಿಳಿಯುತ್ತಿರಲಿಲ್ಲ. ಆದರೆ ನಾನು ಸಂಜೆ ಆರರಿಂದ ಒಂಬತ್ತೂವರೆಯವರೆಗೆ ನಮ್ಮ ಧಾರಾವಾಹಿಗಳನ್ನು ನೋಡಿ ಪಳಗಿದವಳು. ಮೂರನೇ ದಿನ ಅಂಗಡಿಯ ಹೆಂಗಸು ಲೋಟ ಒರೆಸುತ್ತಾ ಒರೆಸುತ್ತಾ ಮೇಜು ಹಿಡಿದುಕೊಂಡು ನಿಂತಳು. "ಬಸುರಿ" ಎಂದೆ. ಮರುದಿನದ ಕಂತಿನಲ್ಲಿ ಬಸುರಿಯೇ. ಮೊಮ್ಮಗಳು ನನ್ನ ಕಡೆ ಒಂದು ಸಲ ತಿರುಗಿ ನೋಡಿದಳು. ಇನ್ನೊಬ್ಬ ಗಂಡಸು ದೋಣಿ ಹತ್ತಿ ಹೋಗಿ ಮುಳುಗಿದ. ಊರೆಲ್ಲ ಅತ್ತಿತು. "ಇವನು ಸತ್ತಿಲ್ಲ ಪುಟ್ಟಿ, ಹೆಣ ತೋರಿಸಲಿಲ್ವಲ್ಲ. ಗಡ್ಡ ಬಿಟ್ಕೊಂಡು ಬರ್ತಾನೆ, ಅದೂ ಇವನ ಹೆಂಡ್ತಿ ಎರಡನೇ ಮದುವೆ ದಿನ" ಎಂದೆ. ಒಂದು ವಾರಕ್ಕೆ ಗಡ್ಡ ಬಿಟ್ಟುಕೊಂಡು ಬಂದ, ಮದುವೆ ದಿನವೇ. ಮೊಮ್ಮಗಳು ಕೂತಲ್ಲಿಂದ ಎದ್ದು ನಿಂತುಬಿಟ್ಟಳು. ಕೆಳಗೆ ಓಡಿಹೋಗಿ ಅವರಪ್ಪನಿಗೆ ಏನೋ ಹೇಳಿದಳು. ಅಳಿಯ ಮೀಟಿಂಗಿಗೆಂದು ಕಿವಿಗೆ ಹಾಕಿಕೊಂಡಿದ್ದ ಯಂತ್ರ ತೆಗೆದು, "ಅತ್ತೆ, ನಿಮಗೆ ಕಥೆ ಮೊದಲೇ ಕಳಿಸಿಕೊಡ್ತಾರಾ ಅಂತ ಕೇಳ್ತಿದಾಳೆ" ಎಂದರು.

ಆ ಕಥೆಗಳು ಸುತ್ತಿ ಸುತ್ತಿ ಬರುವುದನ್ನು ನಾನು ಆಡಿಕೊಳ್ಳಲಿಲ್ಲ. ಅದರಲ್ಲೊಂದು ಧೈರ್ಯವಿತ್ತು. ಹೊರಗೆ ನಾಳೆ ಏನೆಂದು ಪ್ರಧಾನಿಗೂ ಗೊತ್ತಿರಲಿಲ್ಲ, ಅಟ್ಟದ ಮೇಲೆ ನನಗೆ ಎಲ್ಲ ಗೊತ್ತಿತ್ತು.

ಏಪ್ರಿಲ್ ಹೊತ್ತಿಗೆ ಧಾರಾವಾಹಿಯ ಊರಿಗೆ ಒಂದು ಇಂಡಿಯಾದ ಸಂಸಾರ ಬಂತು. ಅಪ್ಪ ಡಾಕ್ಟರು, ಅಮ್ಮ, ಹತ್ತು ವರ್ಷದ ಒಬ್ಬ ಮಗಳು. ಹುಡುಗಿಗೆ ಉದ್ದ ಜಡೆ, ನಮ್ಮದೇ ಬಣ್ಣ. ಅವಳು ತೆರೆಯ ಮೇಲೆ ಬಂದಾಗ ಮೊಮ್ಮಗಳು ಟೀವಿಯ ಹತ್ತಿರ ಸರಿದು ಕೂತಳು. ಅಷ್ಟು ದಿನ ಎಲ್ಲ ಚಿನ್ನದ ಕೂದಲಿನವರೇ ಇದ್ದರು. ಆ ನೆಲದ ಮೂಲದ ಕಪ್ಪು ಮನುಷ್ಯನೊಬ್ಬ ಇದ್ದ, ಅವನು ಬಂದು ಬುದ್ಧಿ ಹೇಳಿ ಹೋಗುತ್ತಿದ್ದ, ಅಷ್ಟೇ. ನಾನೂ ಖುಷಿಪಟ್ಟೆ. ಆಮೇಲೆ ನೋಡುತ್ತಾ ನೋಡುತ್ತಾ ನನಗೆ ಸಿಟ್ಟು ಬಂತು. ಈ ಸಂಸಾರಕ್ಕೆ ಯಾರೋ ಒಂದು ದಿನ ಕೆಟ್ಟ ಮಾತು ಆಡಿದರು, ಮರುದಿನ ಕ್ಷಮೆ ಕೇಳಿದರು. ಮುಗಿಯಿತು. ಆಮೇಲೆ ಅವರು ಕಾಫಿ ಅಂಗಡಿಯಲ್ಲಿ ಹಿಂದಿನ ಮೇಜಿನಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಬೇರೆಯವರಿಗೆಲ್ಲ ಎರಡೆರಡು ಸಲ ಜ್ಞಾಪಕ ಹೋಗಿದೆ, ಕಳೆದುಹೋದ ಅವಳಿಗಳು ಸಿಕ್ಕಿದ್ದಾರೆ, ಮೂರು ಮದುವೆ ಮುರಿದಿವೆ. ಇವರಿಗೆ ಒಂದು ಸಣ್ಣ ಬೆಂಕಿಯನ್ನಾದರೂ ಕೊಡಬಾರದಿತ್ತೇ? ಊರಿಗೆ ಕರೆದ ಮೇಲೆ ಊರಿನ ಕಷ್ಟದಲ್ಲಿ ಪಾಲು ಕೊಡಬೇಕು. ಹಾಗೆಂದುಕೊಂಡಾಗ ನಮ್ಮ ಧಾರಾವಾಹಿಗಳೂ ನೆನಪಾದವು. ಅವುಗಳಲ್ಲಿ ನನ್ನಂಥ ಅಡಿಗೆಯವಳು ಬರುವುದು ಟ್ರೇ ಹಿಡಿದುಕೊಂಡು, ಹೋಗುವುದೂ ಟ್ರೇ ಹಿಡಿದುಕೊಂಡು. ಅಷ್ಟು ವರ್ಷ ನೋಡಿದರೂ ಅದು ನನಗೆ ಹೊಳೆದಿರಲಿಲ್ಲ.

ಕೊನೆಗೊಂದು ದಿನ ಆ ಸಂಸಾರಕ್ಕೆ ಒಂದಿಡೀ ಕಂತು ಸಿಕ್ಕಿತು. ದೀಪಾವಳಿ. ಸಾಲುದೀಪ ಹಚ್ಚಿದರು, ಆಮೇಲೆ ಆ ದೀಪಗಳ ನಡುವೆಯೇ ಊರಿನವರೆಲ್ಲ ಸೇರಿ ಕೆಂಪು, ಹಸಿರು, ಹಳದಿ ಪುಡಿ ಎರಚಾಡಿದರು. ನಾನು ನಕ್ಕೂ ನಕ್ಕೂ ಸೆರಗಿನಿಂದ ಕಣ್ಣೊರೆಸಿಕೊಂಡೆ. ಮೊಮ್ಮಗಳು ನಗಲಿಲ್ಲ. ಅವಳು ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

ಮೊಮ್ಮಗಳ ದೇಶದ ಶಾಲೆಗಳಲ್ಲಿ ಒಂದು ಪದ್ಧತಿ ಇದೆ. ಪ್ರತಿ ಮಗುವೂ ವರ್ಷಕ್ಕೊಮ್ಮೆ ತನಗೆ ಇಷ್ಟವಾದ ವಿಷಯ ಹಿಡಿದು ಇಡೀ ಕ್ಲಾಸಿನ ಮುಂದೆ ಮಾತಾಡಬೇಕು, ಆಮೇಲೆ ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಹೇಳಬೇಕು. ಆ ವರ್ಷ ಟ್ಯಾಬಿನಲ್ಲೇ. ನಮ್ಮ ಹುಡುಗಿಯ ಸರದಿ ಮುಂದಿನ ವಾರ. ಅವಳು ಆರಿಸಿಕೊಂಡದ್ದು ದೀಪಾವಳಿ. ಚಿತ್ರ ಬರೆದು ಅಟ್ಟದ ನೆಲದ ಮೇಲೆ ಹರಡಿದ್ದಳು. ಒಂದು ಹಾಳೆಯಲ್ಲಿ ದೀಪ. ಉಳಿದ ನಾಲ್ಕು ಹಾಳೆಯಲ್ಲಿ ಬಣ್ಣ ಎರಚುವ ಜನ.

"ದೀಪಾವಳಿಗೆ ಬಣ್ಣ ಆಡಲ್ಲ ಕಂದ, ಅದು ಹೋಳಿ, ಬೇರೆ ಹಬ್ಬ" ಎಂದೆ. ಅವಳು ಇಂಗ್ಲಿಷಿನಲ್ಲಿ ಏನೋ ಗೊಣಗಿ ಬಣ್ಣ ಬಳಿಯುವುದನ್ನು ಮುಂದುವರಿಸಿದಳು. ನಾನು ಅಲ್ಲಿಗೆ ಬಿಡಬೇಕಿತ್ತು. "ಆ ಟೀವಿಯವರು ಖರ್ಚು ಉಳಿಯತ್ತೆ ಅಂತ ಎರಡು ಹಬ್ಬಾನೂ ಒಂದೇ ದಿನ ಮುಗಿಸವ್ರೆ" ಎಂದು ನಕ್ಕೆ.

ಅವಳು ಪೆನ್ಸಿಲ್ ಕೆಳಗಿಟ್ಟಳು.

"ನಿಂಗೇ ಗೊತ್ತಿಲ್ಲ."

ಕನ್ನಡದಲ್ಲಿ ಹೇಳಿದಳು. ಅದು ಕನ್ನಡವೆಂದು ಗಮನಿಸಿಯೇ ಇಲ್ಲವೆನ್ನುವ ಹಾಗೆ ಮುಖ ಇಟ್ಟುಕೊಂಡೆ.

"ನಂಗ್ ಗೊತ್ತಿಲ್ವಾ? ನಿಮ್ಮಮ್ಮ ಹುಟ್ಟೋಕ್ ಮುಂಚಿಂದ ದೀಪಾವಳಿ ಮಾಡಿದೀನಿ."

"ಅದು ತುಮಕೂರು ದೀಪಾವಳಿ. ಇದು ಇಂಡಿಯಾ ದೀಪಾವಳಿ. ನೀನು ಇಂಡಿಯಾ ಅಲ್ಲ ಅಜ್ಜಿ, ನೀನು ತುಮಕೂರು."

"ಹಂಗಾದ್ರೆ ನಿಮ್ಮನೇಲಿ ಯಾಕೆ ಬಣ್ಣ ಆಡಲ್ಲ?"

"ಅಮ್ಮ ಬಿಡಲ್ಲ. ಕಾರ್ಪೆಟ್ ಹಾಳಾಗತ್ತೆ. ಆ ಹುಡುಗಿ ಅಮ್ಮ ಬಿಡ್ತಾಳೆ."

ಆ ಮಗು ಅಷ್ಟು ವರ್ಷ ದೀಪಾವಳಿಯ ದಿನ, ಕಾರ್ಪೆಟ್ಟಿನ ದೆಸೆಯಿಂದ ತನಗೆ ಅರ್ಧ ಹಬ್ಬ ತಪ್ಪಿಹೋಗುತ್ತಿದೆ ಎಂದು ತಿಳಿದಿತ್ತೋ, ಇಲ್ಲಾ ಟೀವಿ ನೋಡಿದ ಮೇಲೆ ಹಾಗೆ ತಿಳಿಯಿತೋ, ನನಗೆ ಗೊತ್ತಿಲ್ಲ. ನನಗಂತೂ ಜಗಳ ನಿಲ್ಲಬಾರದು ಎನ್ನುವುದೊಂದೇ ಯೋಚನೆ. ಸೋಲಲೂ ಇಲ್ಲ, ಗೆಲ್ಲಲೂ ಇಲ್ಲ, ಒಲೆಗೆ ಸೌದೆ ನೂಕುವ ಹಾಗೆ ಒಂದೊಂದೇ ಮಾತು ನೂಕಿದೆ. ನಿನ್ನ ಆ ಡಾಕ್ಟರ ಹೆಂಡತಿಗೆ ದೀಪ ಹಿಡಿಯಲಿಕ್ಕೂ ಬರಲ್ಲ ಎಂದೆ, ಚಪ್ಪಲಿ ಹಾಕಿಕೊಂಡು ದೇವರ ಮುಂದೆ ನಿಂತಿದ್ದಾಳೆ ಎಂದೆ. ಅವಳು ಕೈ ಬೀಸಿ ಬೀಸಿ, ಅರ್ಧ ಮುರಿದ ಕನ್ನಡದಲ್ಲಿ, ಒಂದಕ್ಕೆ ನಾಲ್ಕು ಹೇಳಿದಳು. ಗದ್ದಲ ಕೇಳಿ ಗದರಲೆಂದು ಮೆಟ್ಟಿಲು ಹತ್ತಿ ಬಂದ ಮಗಳು ಅಲ್ಲೇ ಕಂಬದ ಹಾಗೆ ನಿಂತಳು. ಅವಳ ಮೀಟಿಂಗು ಕೆಳಗೆ ಯಾರೂ ಇಲ್ಲದೆ ನಡೆಯುತ್ತಿತ್ತು.

ಆಮೇಲೆ ಮಗುವಿನ ದನಿ ಒಡೆಯಿತು. "ಅವಳೊಬ್ಬಳೇ ನನ್ ಥರ ಇರೋದು. ಅವಳದ್ದು ತಪ್ಪು ಅಂತ ಹೇಳ್ಬೇಡ ಅಜ್ಜಿ."

ನನ್ನ ನಗು ಇಳಿದುಹೋಯಿತು. ಅವಳ ಕ್ಲಾಸಿನಲ್ಲೂ ಅವಳ ಥರ ಇರುವವಳು ಅವಳೊಬ್ಬಳೇ. ನನಗದು ಗೊತ್ತಿತ್ತು, ನೆನಪಿಟ್ಟುಕೊಳ್ಳಬೇಕಿತ್ತು. "ತಪ್ಪು ಅವಳದ್ದಲ್ಲ ಪುಟ್ಟಿ, ಬರೆದವರದ್ದು. ಅವರು ಅವಳನ್ನ ಒಂದ್ ಮಾತು ಕೇಳಿದ್ರೆ ಅವಳೇ ಹೇಳ್ತಿದ್ಲು" ಎಂದೆ. ಅವಳು ಹಾಳೆಗಳನ್ನು ಬಾಚಿಕೊಂಡು ಕೆಳಗಿಳಿದಳು.

ಮರುದಿನ ಮತ್ತೆ ಓಕೆ ಅಜ್ಜಿ. ಅದರ ಮರುದಿನವೂ. ಬಂದ ಮಾತನ್ನು ನಾನೇ ಓಡಿಸಿಬಿಟ್ಟೆನಲ್ಲ ಎಂದು ಊಟ ಸೇರಲಿಲ್ಲ. ಮಗಳು ಸಮಾಧಾನ ಹೇಳಿದರೂ ಕಾಲುವೆಯ ದಂಡೆಯಲ್ಲಿ ಬಾತುಕೋಳಿಗಳನ್ನು ನೋಡುತ್ತಾ ಕೂತಿರುತ್ತಿದ್ದೆ. ಆ ವರ್ಷ ಅಲ್ಲಿ ಬಿಸಿಲೋ ಬಿಸಿಲು, ನನಗೆ ಮಾತ್ರ ಮೋಡ.

ಮೂರನೇ ದಿನ ನಾನು ಅವರೆಕಾಳಿಲ್ಲದ ಊರಿನಲ್ಲಿ ಬಟಾಣಿ ಸುಲಿಯುತ್ತಿದ್ದೆ. ಅವಳು ಬಂದು ಎದುರಿಗೆ ಕೂತು ಒಂದು ಕಾಯಿ ಎತ್ತಿಕೊಂಡಳು.

"ಹಾಗಾದ್ರೆ ತುಮಕೂರಲ್ಲಿ ಏನ್ ಮಾಡ್ತಾರೆ?"

ನಾನು ಬಟಾಣಿ ಸುಲಿಯುತ್ತಲೇ ಹೇಳಿದೆ. ನಮ್ಮ ದೀಪಾವಳಿ ಬಚ್ಚಲುಮನೆಯಲ್ಲಿ ಶುರುವಾಗುತ್ತದೆ ಎಂದೆ. ಮೊದಲ ದಿನ ಸಂಜೆ ಹಂಡೆ ಬೆಳಗಿ, ಸುಣ್ಣ ಬಳಿದು, ಹೂವು ಸುತ್ತಿ ನೀರು ತುಂಬುತ್ತೇವೆ. ಬೆಳಕು ಹರಿಯುವ ಮುಂಚೆ ಎದ್ದು ಎಲ್ಲರ ತಲೆಗೂ ಎಣ್ಣೆ ತಟ್ಟಿ, ಮೈಗೆ ತಿಕ್ಕಿ, ಸುಡುಸುಡು ನೀರು ಹುಯ್ಯುತ್ತೇವೆ. ಅದಾದ ಮೇಲೆ ದೀಪ, ಹೋಳಿಗೆ, ಪಟಾಕಿ. ಅವಳು ನಂಬಲಿಲ್ಲ. ಟೀವಿಯಲ್ಲಿ ಯಾರೂ ಸ್ನಾನವನ್ನೇ ಮಾಡುವುದಿಲ್ಲವಲ್ಲ ಎಂದಳು. ಅದಕ್ಕೇ ಅವರಿಗೆ ಅಷ್ಟು ಕಷ್ಟ ಎಂದೆ. ನಕ್ಕಳು. ನಗುತ್ತಲೇ, ತಲೆಗೆ ಎಣ್ಣೆ ತಟ್ಟು, ಹಾಗೇ ಕ್ಲಾಸಿಗೆ ತೋರಿಸುತ್ತೇನೆ ಎಂದಳು.

ಊರಿಂದ ಹೊರಡುವಾಗ ಮೂರು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದ ಹರಳೆಣ್ಣೆ ಪೆಟ್ಟಿಗೆಯಲ್ಲಿತ್ತು. ಅವಳು ಕ್ಲಾಸಿಗೆ ಮಾತಾಡುವ ದಿನ ಬೆಳಿಗ್ಗೆ ಅದನ್ನು ಅವಳ ನೆತ್ತಿಗೆ ತಟ್ಟಿದೆ, ಹಣೆಗೆ ಇಳಿಯುವಷ್ಟು. ಅವಳು ಟ್ಯಾಬಿನ ಮುಂದೆ ಕೂತಳು, ನಾನು ಪಕ್ಕದ ಮೋಡದ ಮೇಲೆ. ಮೋಡವೆಂದರೆ ಅವರ ಮನೆಯಲ್ಲಿ ಕಾಳು ತುಂಬಿದ ಒಂದು ದೊಡ್ಡ ದಿಂಬು, ಕೂತರೆ ಏಳಲಾಗುವುದಿಲ್ಲ, ನಾನೇ ಇಟ್ಟ ಹೆಸರು. ಡಚ್ಚಿನಲ್ಲಿ ಅವಳು ಆಡಿದ್ದರಲ್ಲಿ ನನಗೆ ತಿಳಿದದ್ದು ಒಂದೇ ಮಾತು, ತುಮಕೂರು. ಅದನ್ನು ಮೂರು ಸಲ ಹೇಳಿದಳು. ಕೊನೆಗೆ ಟ್ಯಾಬಿನ ಒಂದು ಚೌಕದೊಳಗಿನ ಕೆಂಪು ಕೂದಲಿನ ಹುಡುಗಿ ಏನೋ ಕೇಳಿದಳು. ನಮ್ಮವಳು ಗರಕ್ಕನೆ ನನ್ನ ಕಡೆ ತಿರುಗಿದಳು.

"ಅಜ್ಜಿ, ಇಷ್ಟು ಎಣ್ಣೆ ಹಾಕಿದ್ರೆ ಜಾರಿ ಬೀಳಲ್ವಾ ಅಂತೆ?"

"ಬೀಳ್ತೀವಿ. ಬಿದ್ದೋರನ್ನ ನೋಡಿ ನಗ್ತೀವಿ. ಹಬ್ಬ ಅಲ್ವಾ."

ಅವಳು ಅದನ್ನು ಡಚ್ಚಿಗೆ ತಿರುಗಿಸಿದಳು. ಪ್ರಶ್ನೆ ಕೇಳುವವರದ್ದು ಬಿಟ್ಟು ಟೀಚರು ಎಲ್ಲರ ಸದ್ದು ನಿಲ್ಲಿಸಿದ್ದರಿಂದ ಇಪ್ಪತ್ತು ಚೌಕಗಳಲ್ಲಿ ಇಪ್ಪತ್ತು ಬಾಯಿಗಳು ಸದ್ದಿಲ್ಲದೆ ನಕ್ಕವು. ಆಮೇಲೆ ಪ್ರಶ್ನೆಯ ಮೇಲೆ ಪ್ರಶ್ನೆ. ಅವಳು ನನ್ನನ್ನು ಕೇಳುವುದು, ನಾನು ಹೇಳುವುದು, ಅವಳು ದಾಟಿಸುವುದು. ಒಂದೆರಡು ಕಡೆ ನಾನು ಹೇಳಿದ್ದಕ್ಕಿಂತ ಅವಳು ಹೇಳಿದ್ದು ಉದ್ದವಿತ್ತು. ಏನು ಸೇರಿಸಿದಳೋ, ನಾನು ಕೇಳಲಿಲ್ಲ.

ಮೇ ತಿಂಗಳಲ್ಲಿ ಆ ಇಂಡಿಯಾದ ಸಂಸಾರವನ್ನು ಧಾರಾವಾಹಿಯಿಂದ ಕಳಿಸಿಬಿಟ್ಟರು. ಅಪ್ಪನಿಗೆ ಬೇರೆ ಊರಿನಲ್ಲಿ ಕೆಲಸ, ಕಾರು, ಕೈಬೀಸಾಟ, ಎರಡು ನಿಮಿಷ. ಮೊಮ್ಮಗಳು ಟೀವಿ ಆರಿಸಿದಳು. ಅದೇ ವಾರ ಶಾಲೆ ತೆರೆಯಿತು, ದಿನಕ್ಕೆ ಅರ್ಧ ಕ್ಲಾಸಿನ ಮಕ್ಕಳು ಮಾತ್ರ. ಮೊದಲ ದಿನ ಮಧ್ಯಾಹ್ನ ನಾನು ಬಾಗಿಲಲ್ಲಿ ಕಾಯುತ್ತಿದ್ದೆ. ಅವಳು ಸೈಕಲ್ಲನ್ನು ಬೇಲಿಗೆ ಒರಗಿಸಿದಳೋ ಬೀಳಿಸಿದಳೋ, ಚೀಲ ಬೆನ್ನಿನಿಂದ ಇಳಿಸದೆ ಓಡಿಬಂದಳು.

"ಅಜ್ಜಿ, ಕೇಳು. ಅವ್ರು ಹೋಗಿಲ್ಲ. ಕಾರು ಬ್ರಿಡ್ಜ್ ಮೇಲೆ ನಿಲ್ತು. ಆ ಅಮ್ಮಂಗೆ ಜ್ಞಾಪಕ ಹೋಯ್ತು. ಆಮೇಲೆ ಒಂದು ತಂಗಿ ಬಂದ್ಲು, ಸೇಮ್ ಮುಖ."

ಒಳಗೆ ಬಾ, ಕೈ ತೊಳಿ ಎನ್ನಬೇಕಿತ್ತು, ಆ ಕಾಲದಲ್ಲಿ ಅದೇ ಮೊದಲ ಮಾತು. ಹೊಸಿಲ ಮೇಲೆ ಹಾಗೇ ಕೂತುಬಿಟ್ಟೆ. ಅವಳು ನನ್ನ ಮುಂದೆ ನಿಂತುಕೊಂಡು, ಆ ಡಾಕ್ಟರ ಮನೆಗೆ ಬೆಂಕಿ ಹಚ್ಚಿ, ಆರಿಸಿ, ಮಗಳನ್ನು ಕಳೆದು, ಹುಡುಕಿ, ಊರಿನವರನ್ನೆಲ್ಲ ಅವರ ಬಾಗಿಲಿಗೆ ಕರೆತಂದು ನಿಲ್ಲಿಸಿದಳು. ಕ್ರಿಯಾಪದಗಳೆಲ್ಲ ಎಲ್ಲೆಲ್ಲೋ ಹೋಗುತ್ತಿದ್ದವು. ಅರ್ಧ ನನಗೆ ತಿಳಿಯಲಿಲ್ಲ. ಮುಂದೇನಾಗುತ್ತದೆ ಎಂದು ಮೊದಲೇ ಹೇಳಲು ಆ ಒಂದು ಕಥೆಯಲ್ಲಿ ನನ್ನಿಂದ ಆಗಲೇ ಇಲ್ಲ.

"ಆಮೇಲೆ?" ಎಂದೆ.

"ತಡಿ ಅಜ್ಜಿ, ಹೇಳ್ತಿದೀನಲ್ಲ" ಎಂದಳು.