ಒಂಬತ್ತನೇ ತರಗತಿಯ ಸುಮಾಳ ಮದುವೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಿದ್ದಂತೆ ನನ್ನ ವಿದ್ಯಾರ್ಥಿನಿ ಸುಮಾಳ ಅಪ್ಪ ಎಲೆ ಅಡಿಕೆ ಹಿಡಿದು ಶಾಲೆಗೆ ಬಂದರು.

"ಮೇಷ್ಟ್ರೇ, ಭಾನುವಾರ ಮಗಳ ಮದ್ವೆ. ನೀವೇ ಮುಂದೆ ನಿಂತು ಮಾಡುಸ್ಕೊಡ್ಬೇಕು."

ಸುಮಾಗೆ ಇನ್ನೂ ಹದಿನೈದು. "ಇದು ಅಪರಾಧ, ದಯವಿಟ್ಟು ನಿಲ್ಲಿಸಿ" ಎಂದೆ. ಅವರ ಮುಖ ಕೆಂಪಾಯಿತು.

"ನಮ್ ಐಕ್ಳ ವಿಚಾರ ನಮ್ಗೆ ಬುಡಿ ಸಾ. ನೀವು ಪಾಠ ಮಾಡುದ್ರೆ ಸಾಕು" ಎಂದು ಎದ್ದು ಹೋದರು.

ನಾನು ತಕ್ಷಣ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಚಾಮರಾಜನಗರದಿಂದ ಅಧಿಕಾರಿಗಳ ಜೀಪು ಬರುವಾಗ ಮಧ್ಯಾಹ್ನವಾಗಿತ್ತು. ಅವರನ್ನು ಸುಮಾಳ ಮನೆಗೆ ಕರೆದೊಯ್ದೆ. ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದ ಮನೆಯ ಅಜ್ಜಿ ಜಗಲಿಯಿಂದಲೇ ಹೇಳಿದರು:

"ಯಾರೋ ಫೋನ್ ಮಾಡವ್ರೆ ಅಂತ ಗೊತ್ತಾಗಿ ತಾಳವಾಡಿಗೆ ಹೋದ್ರು ಕಣಪ್ಪ. ಸೋದರ್ಮಾವನ್ ಮನೇಲಿ ಇವತ್ತೇ ತಾಳಿ ಕಟ್ಟುಸ್ತಾರಂತೆ. ಕೂಸು ಅಳ್ತಾನೇ ಗಾಡಿ ಹತ್ತುತು."

"ನಡೀರಿ ಸರ್, ಅಲ್ಲಿಗೇ ಹೋಗೋಣ" ಎಂದೆ. ಅಧಿಕಾರಿ ತಲೆ ಅಲ್ಲಾಡಿಸಿದರು.

"ಅದು ತಮಿಳುನಾಡು ಮೇಷ್ಟ್ರೇ, ನಮ್ಮ ವ್ಯಾಪ್ತಿಗೆ ಬರಲ್ಲ. ಅಲ್ಲಿಯವರಿಗೆ ತಿಳಿಸ್ತೀವಿ."

ಜೀಪು ಹತ್ತುವ ಮೊದಲು ನನ್ನ ಕೈಕುಲುಕಿ, "ನಿಮ್ಮಂಥ ಮೇಷ್ಟ್ರು ಪ್ರತಿ ಊರಲ್ಲೂ ಇರಬೇಕು" ಎಂದರು.

ಈ ಊರಲ್ಲಿ ಒಬ್ಬ ಇದ್ದಾನೆ. ಅದಕ್ಕೇ ಸುಮಾಳ ಮದುವೆ ಭಾನುವಾರದ ಬದಲು ಇವತ್ತೇ ನಡೆಯುತ್ತಿದೆ.